ಎಲ್‌ಸಿಡಿ ಸಿಗ್ನಲಿಗೆ ಕೇಳಿದ ಪೇಟೆಂಟ್ ಸಿಗಲಿಲ್ಲವೇ? ಕಾಸರಗೋಡಿನಿಂದ ಅಪೀಲು ಹಾಕುವ ದಾರಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬದಿಯಡ್ಕ ಕಡೆಯ ಒಬ್ಬರು ಅಡಿಕೆ, ಕಾಳುಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತಾರೆ. ರಿಪೇರಿ ಮಾಡಿ ಮಾಡಿ ಕೊನೆಗೆ ತಾವೇ ಒಂದು ತಕ್ಕಡಿ ಕಟ್ಟಿದರು. ಬ್ಯಾಟರಿ ಜಾಸ್ತಿ ದಿನ ಬರಲಿ ಅಂತ ಅದರ ಎಲ್‌ಸಿಡಿ ಗಾಜಿಗೆ (ಅಂಕೆ ತೋರಿಸುವ ತೆರೆಗೆ) ಹೋಗುವ ಸಿಗ್ನಲಿನಲ್ಲಿ ಒಂದು ಉಪಾಯ ಹೂಡಿದರು. ಪೇಟೆಂಟಿಗೆ ಅರ್ಜಿ ಹಾಕಿದರು. ಪರೀಕ್ಷಕರ ವರದಿ ಬಂತು, ಉತ್ತರ ಕೊಟ್ಟರು, ಹಿಯರಿಂಗೂ ಆಯಿತು. ಆಮೇಲೆ ಒಂದು ದಿನ ಆದೇಶ ಬಂತು: ಅರ್ಜಿ ತಿರಸ್ಕಾರ.

ಮನೆಯವರು "ಸಾಕು, ಬಿಟ್ಟುಬಿಡಿ" ಅನ್ನುತ್ತಾರೆ. ಗೆಳೆಯರು "ಎರ್ನಾಕುಳಂ ಹೈಕೋರ್ಟಿಗೆ ಹೋಗಿ ಮಾರಾಯ್ರೇ" ಅನ್ನುತ್ತಾರೆ. ಮೊದಲನೆಯದು ಅವಸರದ ಮಾತು. ಎರಡನೆಯದು ತಪ್ಪು ವಿಳಾಸ.

ಈ ಕಾಲ್ಪನಿಕ ತಕ್ಕಡಿಯವರನ್ನು ಮುಂದಿಟ್ಟುಕೊಂಡೇ ಎಲ್ಲ ಹೇಳುತ್ತೇನೆ. ಅವರ ಉಪಾಯ ನಿಜಕ್ಕೂ ಹೊಸದಾ ಎಂದು ಕೇಳಬೇಡಿ, ಅದು ಲೆಕ್ಕ ಕಲಿಯಲಿಕ್ಕೆ ಮಾತ್ರ. ನಾನು ವಕೀಲನಲ್ಲ, ಬೆಸುಗೆ ಕಡ್ಡಿ ಹಿಡಿದವನು. ಕಾನೂನಿನ ಭಾಗವನ್ನು ವಕೀಲರ ಹತ್ತಿರ ಒಮ್ಮೆ ಸರಿನೋಡಿಕೊಳ್ಳಿ. ಸಿಗ್ನಲಿನ ಭಾಗ ಮಾತ್ರ ನಿಮ್ಮದೇ. ಅದನ್ನು ಯಾವ ವಕೀಲರೂ ನಿಮ್ಮಷ್ಟು ಚೆನ್ನಾಗಿ ಬಿಡಿಸಿ ಹೇಳಲಾರರು.

ಹೆಜ್ಜೆ 1: ಕೈಯಲ್ಲಿರುವುದು ಯಾವ ಕಾಗದ?

ಅರ್ಜಿ "ಹೋಯ್ತು" ಅನ್ನುವುದಕ್ಕೆ ಎರಡು ಅರ್ಥ ಉಂಟು. ಒಂದು, ಪೇಟೆಂಟ್ ಕಾಯ್ದೆ 1970ರ 15ನೇ ಸೆಕ್ಷನ್ ಪ್ರಕಾರ ಕಂಟ್ರೋಲರ್ (ಅರ್ಜಿಯನ್ನು ತೀರ್ಮಾನಿಸುವ ಪೇಟೆಂಟ್ ಕಚೇರಿಯ ಅಧಿಕಾರಿ) ಕಾರಣ ಬರೆದು ತಿರಸ್ಕರಿಸಿದ್ದು. ಇನ್ನೊಂದು, 21(1)ನೇ ಸೆಕ್ಷನ್ ಪ್ರಕಾರ ಅರ್ಜಿ ಕೈಬಿಟ್ಟ ಹಾಗೆ ಎಂದು ಲೆಕ್ಕಕ್ಕೆ ತೆಗೆದುಕೊಂಡದ್ದು. ಪರೀಕ್ಷಕರ ಮೊದಲ ವರದಿಗೆ ಆರು ತಿಂಗಳೊಳಗೆ ಉತ್ತರ ಕೊಡದೆ, ಇನ್ನೂ ಮೂರು ತಿಂಗಳ ಅವಧಿಯನ್ನೂ ಕೇಳದೆ ಕೂತರೆ ಈ ಎರಡನೆಯದು ಆಗುತ್ತದೆ.

15ರ ಆದೇಶವಾದರೆ 117ಎ ಸೆಕ್ಷನ್ನಿನಲ್ಲಿ ಅಪೀಲು ಉಂಟು. 21(1) ಆದರೆ ಅಪೀಲಿನ ಪಟ್ಟಿಯಲ್ಲೇ ಅದು ಇಲ್ಲ. ಆಗ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು. ಕಾರಣ ಗಟ್ಟಿ ಇರಬೇಕು, ಸುಮ್ನೆ ಮರೆತುಹೋಯ್ತು ಅಂದರೆ ನಡೆಯುವುದು ಕಷ್ಟ. ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ಅರ್ಜಿ ನಂಬರ್ ಹಾಕಿ ಸ್ಥಿತಿ ನೋಡಿ, ಆದೇಶ ಇಳಿಸಿಕೊಳ್ಳಿ. ಕೊನೆಯ ಪುಟದಲ್ಲಿ ಯಾವ ಸೆಕ್ಷನ್ ಬರೆದಿದೆ ಎಂದು ಗುರುತು ಹಾಕಿ.

ಹೆಜ್ಜೆ 2: ಕ್ಯಾಲೆಂಡರ್ ತೆಗೆಯಿರಿ

ಆದೇಶದ ದಿನಾಂಕದಿಂದ ಮೂರು ತಿಂಗಳು. ಅಷ್ಟೇ ಅವಧಿ. ತಡವಾದರೆ ಹೈಕೋರ್ಟ್ ಮನ್ನಿಸಬಹುದು, ಮನ್ನಿಸದೆಯೂ ಇರಬಹುದು. ನೀವು ಆದೇಶ ಓದಿದ ದಿನದಿಂದ ಎಣಿಸಬೇಡಿ, ಅದರ ಮೇಲಿರುವ ದಿನಾಂಕದಿಂದ ಎಣಿಸಿ. ಜೂನ್ 10ರ ಆದೇಶವಾದರೆ ಸೆಪ್ಟೆಂಬರ್ 10ರೊಳಗೆ ಅಪೀಲು ಹೋಗಿರಬೇಕು. ನಮ್ಮ ಕಡೆ ಆಟಿಯ ಮಳೆ, ಕರೆಂಟು ಕಣ್ಣುಮುಚ್ಚಾಲೆ, ಆಮೇಲೆ ಓಣಂ ರಜೆ. ಆ ಮೂರು ತಿಂಗಳು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಇಲ್ಲೊಂದು ಗುಂಡಿ ಉಂಟು. ಕಂಟ್ರೋಲರ್ ಹತ್ತಿರವೇ ಮರುಪರಿಶೀಲನೆ ಕೇಳುವ ದಾರಿ ಇದೆ: 77ನೇ ಸೆಕ್ಷನ್, ಫಾರಂ 24, ಒಂದು ತಿಂಗಳೊಳಗೆ. ಆದೇಶದಲ್ಲಿ ಕಣ್ಣಿಗೆ ಹೊಡೆಯುವ ತಪ್ಪು ಇದ್ದರೆ, ಉದಾಹರಣೆಗೆ ಬೇರೆ ಯಾರದ್ದೋ ಕ್ಲೈಮು (ಅರ್ಜಿಯಲ್ಲಿ "ಇಷ್ಟು ನನ್ನದು" ಎಂದು ಹಕ್ಕು ಕೇಳುವ ಭಾಗ) ನೋಡಿ ಬರೆದಿದ್ದರೆ, ಅದು ಸರಿಯಾದ ದಾರಿ. ಆದರೆ "ನನ್ನ ವಾದ ಒಪ್ಪಲಿಲ್ಲ" ಅನ್ನುವುದಕ್ಕೆ ಮರುಪರಿಶೀಲನೆ ಅಲ್ಲ. ಅದು ತಿರಸ್ಕಾರವಾದರೆ ಆ ಆದೇಶದ ಮೇಲೆ 117ಎ ಅಪೀಲೂ ಇಲ್ಲ. ಅಷ್ಟರಲ್ಲಿ ಮೂಲ ಆದೇಶದ ಮೂರು ತಿಂಗಳು ಕಳೆದುಹೋದರೆ ಎರಡೂ ಕೆಟ್ಟ ಹಾಗೆ. ಹಾಗಾಗಿ ಮರುಪರಿಶೀಲನೆ ಹಾಕಿದರೂ ಅಪೀಲಿನ ತಯಾರಿ ನಿಲ್ಲಿಸಬೇಡಿ.

ಹೆಜ್ಜೆ 3: ಕೊಚ್ಚಿಯಲ್ಲ, ಚೆನ್ನೈ

ನಾವು ಕೇರಳದವರು, ಹಾಗಾದರೆ ಕೇರಳ ಹೈಕೋರ್ಟು ಅಲ್ವಾ? ಎಲ್ಲರೂ ಎಡವುವ ಜಾಗ ಇದೇ. ಕೇರಳ, ಕರ್ನಾಟಕ, ತಮಿಳುನಾಡು, ಆಂಧ್ರ, ತೆಲಂಗಾಣ ಎಲ್ಲದಕ್ಕೂ ಪೇಟೆಂಟ್ ಕಚೇರಿ ಚೆನ್ನೈಯದ್ದೇ. ಅಪೀಲು ಹೋಗಬೇಕಾದದ್ದು ನಿಮ್ಮ ಮನೆ ಇರುವ ರಾಜ್ಯದ ಹೈಕೋರ್ಟಿಗಲ್ಲ, ಅರ್ಜಿ ಯಾವ ಕಚೇರಿಗೆ ಸೇರಿದೆಯೋ ಅದರ ಮೇಲೆ ಅಧಿಕಾರ ಇರುವ ಹೈಕೋರ್ಟಿಗೆ. ದೆಹಲಿ ಹೈಕೋರ್ಟ್ 2022ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಹಿಯರಿಂಗ್ ಮಾಡಿದ ಅಧಿಕಾರಿ ಕೋಲ್ಕತ್ತಾದಲ್ಲೋ ದೆಹಲಿಯಲ್ಲೋ ಕೂತಿದ್ದರೂ ಅರ್ಜಿ ಚೆನ್ನೈಯದ್ದೇ. ಆದ್ದರಿಂದ ಮದ್ರಾಸ್ ಹೈಕೋರ್ಟ್.

ಮೊದಲು ಇದಕ್ಕೆ ಬೇರೆಯೇ ಮೇಲ್ಮನವಿ ಮಂಡಳಿ ಇತ್ತು. 2021ರ ಏಪ್ರಿಲಿನಲ್ಲಿ ಅದನ್ನು ರದ್ದು ಮಾಡಿ ಕೆಲಸವನ್ನು ಹೈಕೋರ್ಟುಗಳಿಗೆ ಕೊಟ್ಟರು. ಮದ್ರಾಸ್ ಹೈಕೋರ್ಟಿನಲ್ಲಿ ಬೌದ್ಧಿಕ ಆಸ್ತಿಗೆ ಅಂತಲೇ ಒಂದು ವಿಭಾಗ ಈಗ ಉಂಟು. ಹಳೆಯ ಲೇಖನಗಳಲ್ಲಿ ಇನ್ನೂ ಆ ಮಂಡಳಿಯ ವಿಳಾಸವೇ ಸಿಗುತ್ತದೆ, ನಂಬಬೇಡಿ.

ನಮ್ಮ ಅಜ್ಜಂದಿರು ನಗಬಹುದು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ದೊಡ್ಡ ವ್ಯಾಜ್ಯ ಅಂದರೆ ಮದರಾಸು. ರಾಜ್ಯ ಬದಲಾಯಿತು, ಜಿಲ್ಲೆ ಆಯಿತು, ಪೇಟೆಂಟಿಗೆ ಮಾತ್ರ ಅದೇ ಮದರಾಸಿನ ಮೈಲು ಗಾಡಿ. ಪೇಟೆಂಟ್ ಕಚೇರಿ ಇರುವುದು ಗಿಂಡಿಯಲ್ಲಿ, ಹೈಕೋರ್ಟು ಬೀಚ್ ಸ್ಟೇಷನ್ ಹತ್ತಿರ. ಎರಡೂ ಒಂದೇ ಲೋಕಲ್ ರೈಲಿನ ದಾರಿ.

ಹೆಜ್ಜೆ 4: ಸಿಗ್ನಲನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಿ

ವಕೀಲರಿಗೆ ಫೋನ್ ಮಾಡುವ ಮೊದಲೇ ಇದನ್ನು ಮಾಡಿ. ನನ್ನ ಪ್ರಕಾರ ಅರ್ಧ ಅಪೀಲು ಈ ಹಾಳೆಯಲ್ಲೇ ಇದೆ.

ಎಲ್‌ಸಿಡಿ ಗಾಜಿಗೆ ಡಿಸಿ ಆಗಿಬರುವುದಿಲ್ಲ. ಒಂದೇ ದಿಕ್ಕಿನ ವೋಲ್ಟೇಜ್ ಹೆಚ್ಚು ಹೊತ್ತು ನಿಂತರೆ ಒಳಗೆ ರಾಸಾಯನಿಕ ಕ್ರಿಯೆ ನಡೆದು ಗಾಜು ಹಾಳಾಗುತ್ತದೆ. ಅದಕ್ಕೇ ಒಂದು ಸಲ ಪ್ಲಸ್, ಒಂದು ಸಲ ಮೈನಸ್ ಕೊಡುವುದು. ಗಾಜಿನ ಕಣ್ಣಿಗೆ ದಿಕ್ಕು ಕಾಣುವುದಿಲ್ಲ, ಒಟ್ಟು ಬಲ ಮಾತ್ರ ಕಾಣುತ್ತದೆ. ಆ ಬಲವನ್ನೇ ನಾವು ಆರ್‌ಎಂಎಸ್ ಅನ್ನುತ್ತೇವೆ.

ಅಂಕೆಯ ಒಂದೊಂದು ಗೆರೆಗೆ ಸೆಗ್ಮೆಂಟ್ ಅನ್ನುತ್ತಾರೆ, ಹಲವು ಸೆಗ್ಮೆಂಟಿಗೆ ಒಟ್ಟಿಗೆ ಹೋಗುವ ತಂತಿಗೆ ಕಾಮನ್. ತಕ್ಕಡಿಯ ಗಾಜಿಗೆ ನಾಲ್ಕು ಕಾಮನ್ ಇವೆ ಎಂದುಕೊಳ್ಳಿ. 3 ವೋಲ್ಟ್, ಮೂರನೇ ಒಂದು ಬಯಾಸ್. ಅಂದರೆ 0, 1, 2, 3 ವೋಲ್ಟ್ ಎಂಬ ನಾಲ್ಕು ಮೆಟ್ಟಿಲು, ಒಂದು ಫ್ರೇಮಿನಲ್ಲಿ, ಅಂದರೆ ಎಲ್ಲ ಕಾಮನ್ನಿನ ಒಂದು ಸುತ್ತಿನಲ್ಲಿ, ನಾಲ್ಕು ಸರದಿ. ಕಪ್ಪಾಗಬೇಕಾದ ಸೆಗ್ಮೆಂಟಿಗೆ ಅದರ ಸರದಿಯಲ್ಲಿ 3 ವೋಲ್ಟ್, ಉಳಿದ ಮೂರು ಸರದಿಯಲ್ಲಿ 1 ವೋಲ್ಟ್. ಪ್ರತಿಯೊಂದರ ವರ್ಗ ಕೂಡಿಸಿದರೆ 9+1+1+1, ಒಟ್ಟು 12. ನಾಲ್ಕರಿಂದ ಭಾಗಿಸಿದರೆ 3. ಅದರ ವರ್ಗಮೂಲ 1.73 ವೋಲ್ಟ್. ಕಾಣಬಾರದ ಸೆಗ್ಮೆಂಟಿಗೆ ನಾಲ್ಕೂ ಸರದಿಯಲ್ಲಿ 1 ವೋಲ್ಟ್, ಹಾಗಾಗಿ ಆರ್‌ಎಂಎಸ್ ಕೂಡ 1. ಈ 1.73ಕ್ಕೂ 1ಕ್ಕೂ ಇರುವ ಅಂತರದಲ್ಲೇ ಅಂಕೆ ಕಾಣುವುದು. ಕಾಮನ್ ಹೆಚ್ಚಾದಷ್ಟು ಈ ಅಂತರ ಕುಗ್ಗುತ್ತದೆ: 16 ಕಾಮನ್ನಿಗೆ ಹೆಚ್ಚೆಂದರೆ 1.29 ಪಟ್ಟು, 64ಕ್ಕೆ 1.13 ಪಟ್ಟು. ಈ ಮಿತಿಯನ್ನು ಆಲ್ಟ್ ಮತ್ತು ಪ್ಲೆಷ್ಕೊ ಎಂಬ ಸಂಶೋಧಕರು 1974ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ.

ಈಗ ತಕ್ಕಡಿಯವರ ಉಪಾಯ. ಒಂದು ಸೆಗ್ಮೆಂಟ್ ತಂತಿಯ ಮೇಲೆ ನಾಲ್ಕು ಸರದಿಯಲ್ಲಿ ಕಪ್ಪು, ಖಾಲಿ, ಕಪ್ಪು, ಖಾಲಿ ಬರಬೇಕು ಎಂದುಕೊಳ್ಳಿ. 1-2-3-4 ಎಂದು ಸಾಲಾಗಿ ಹೋದರೆ ಪ್ರತಿ ಸರದಿಗೂ ತಂತಿಯ ವೋಲ್ಟೇಜ್ ಬದಲಾಗಬೇಕು, ಫ್ರೇಮಿಗೆ ನಾಲ್ಕು ಸಲ. ಸರದಿಯನ್ನು 1-3-2-4 ಮಾಡಿದರೆ ಕಪ್ಪು, ಕಪ್ಪು, ಖಾಲಿ, ಖಾಲಿ. ಎರಡೇ ಸಲ. ಎಲ್‌ಸಿಡಿ ಗಾಜು ಅಂದರೆ ಒಂದು ಕೆಪಾಸಿಟರ್. ಪ್ರತಿ ಬದಲಾವಣೆಯೂ ಬಿಂದಿಗೆ ತುಂಬಿ ಚೆಲ್ಲಿದ ಹಾಗೆ, ಬ್ಯಾಟರಿಯ ಚಾರ್ಜ್ ವ್ಯರ್ಥ. ತೆರೆಯ ಮೇಲಿನ ಅಂಕೆ ನೋಡಿ ಸರದಿ ಬದಲಿಸಿದರೆ ಬ್ಯಾಟರಿ ಉಳಿಯುತ್ತದೆ.

ಇಷ್ಟೇ ಆಗಿದ್ದರೆ ಜಾಣತನ, ಪೇಟೆಂಟ್ ಅನುಮಾನ. ತೂಕದ ಅಂಕೆ ಅಲುಗಾಡುತ್ತಾ ಇರುತ್ತದೆ. ಅಂಕೆ ಬದಲಾದ ಕ್ಷಣವೇ, ಫ್ರೇಮಿನ ನಡುವೆ ಸರದಿ ಬದಲಿಸಿದರೆ ಒಂದು ಕಾಮನ್ನಿಗೆ ಎರಡು ಸಲ ಸರದಿ ಬರಬಹುದು, ಇನ್ನೊಂದಕ್ಕೆ ತಪ್ಪಬಹುದು. ತೂಕ ಓದುವುದಕ್ಕೂ ತೆರೆ ಓಡಿಸುವುದಕ್ಕೂ ಒಂದೇ ಟೈಮರ್ ಇದ್ದರೆ ಈ ತಪ್ಪು ಯಾವಾಗಲೂ ಒಂದೇ ದಿಕ್ಕಿನ ಫ್ರೇಮಿನಲ್ಲಿ, ಉದಾಹರಣೆಗೆ ಪ್ಲಸ್ ಫ್ರೇಮಿನಲ್ಲೇ (ಪ್ಲಸ್ ಕೊಡುವ ಸುತ್ತಿನಲ್ಲೇ), ಬೀಳಬಹುದು. ಡಿಸಿ ಸ್ವಲ್ಪ ಸ್ವಲ್ಪ ಒಂದೇ ಕಡೆಗೆ ಉಳಿಯುತ್ತಾ ಹೋಗುತ್ತದೆ. ಗಾಜು ಹಾಳು. ತಕ್ಕಡಿಯವರು ಮಾಡಿದ್ದು ಎಂತದು ಅಂದರೆ, ಪ್ಲಸ್ ಫ್ರೇಮ್ ಮತ್ತು ಮೈನಸ್ ಫ್ರೇಮ್ ಎರಡೂ ಮುಗಿದ ಮೇಲೆಯೇ ಅಂಕೆಯನ್ನೂ ಸರದಿಯನ್ನೂ ಬದಲಿಸುವುದು. ಜೋಡಿ ಮುರಿಯುವುದೇ ಇಲ್ಲ.

ಹಾಳೆಯಲ್ಲಿ ಮೇಲಿನಿಂದ ಕೆಳಗೆ ನಾಲ್ಕು ಕಾಮನ್, ಒಂದು ಸೆಗ್ಮೆಂಟ್, ಕೊನೆಗೆ ಎರಡರ ವ್ಯತ್ಯಾಸ ಬಿಡಿಸಿ. ಎರಡು ಫ್ರೇಮ್ ಪೂರ್ತಿ ಬರಲಿ. ನಿಮ್ಮದು ಒಂದು ಹಾಳೆ, ಕಂಟ್ರೋಲರ್ ತೋರಿಸಿದ ಹಿಂದಿನ ದಾಖಲೆಯದ್ದು (ನಿಮಗಿಂತ ಮೊದಲೇ ಬೇರೆಯವರು ಪ್ರಕಟಿಸಿದ ಪೇಟೆಂಟ್ ಅಥವಾ ಲೇಖನದ್ದು) ಇನ್ನೊಂದು ಹಾಳೆ, ಒಂದೇ ಅಳತೆಯಲ್ಲಿ. ಸ್ಕೋಪಿನ (ಸಿಗ್ನಲನ್ನು ಗೆರೆಯಾಗಿ ತೋರಿಸುವ ಯಂತ್ರದ) ಫೋಟೋ ಬೇಡ, ಅದರಲ್ಲಿ ಗೆರೆಗಿಂತ ಗಲಾಟೆ ಜಾಸ್ತಿ.

ಹೆಜ್ಜೆ 5: ಆದೇಶದ ಎದೆಗೆ ಮೂರು ಪ್ರಶ್ನೆ

ಇಂಥ ಅರ್ಜಿಗಳಿಗೆ ಮೊದಲ ಅಡ್ಡಿ "ಇದರಲ್ಲಿ ಆವಿಷ್ಕಾರದ ಹೆಜ್ಜೆ ಇಲ್ಲ, ಕಸುಬು ಬಲ್ಲವರಿಗೆ ಇದು ತಾನಾಗಿ ಹೊಳೆಯುತ್ತದೆ" ಎನ್ನುವುದು. ಕಂಟ್ರೋಲರ್ ಎರಡು ಹಳೆಯ ದಾಖಲೆ ಇಟ್ಟಿದ್ದಾರೆ ಎಂದುಕೊಳ್ಳಿ. ಮೊದಲನೆಯದರಲ್ಲಿ ನಾಲ್ಕು ಕಾಮನ್ನಿನ ಮಾಮೂಲಿ ಸಿಗ್ನಲ್. ಎರಡನೆಯದರಲ್ಲಿ ಮಿನುಗು ಕಾಣದಿರಲಿ ಅಂತ ಸರದಿ ಬದಲಿಸಿದ್ದಾರೆ. ಎರಡನ್ನೂ ಕೂಡಿಸಿದರೆ ನಿಮ್ಮದೇ ಆಯಿತಲ್ಲ ಅನ್ನುತ್ತದೆ ಆದೇಶ.

ಅಗ್ರಿಬೋರ್ಡ್ ಎಂಬ ಕಂಪನಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2022ರಲ್ಲಿ ಹೇಳಿದ್ದು ಇಲ್ಲಿ ಕೈಗೆ ಬರುತ್ತದೆ. ಈ ಕಾರಣಕ್ಕೆ ತಿರಸ್ಕರಿಸುವಾಗ ಮೂರು ಸಂಗತಿ ನೋಡಬೇಕು: ಹಿಂದಿನ ದಾಖಲೆಯಲ್ಲಿ ಏನಿದೆ, ಈ ಅರ್ಜಿಯಲ್ಲಿ ಏನಿದೆ, ಅದರಿಂದ ಇದು ಕಸುಬುದಾರನಿಗೆ ಹೇಗೆ ಹೊಳೆಯುತ್ತದೆ. ಮೂರನೆಯ "ಹೇಗೆ" ಎನ್ನುವುದಕ್ಕೆ ಆದೇಶದಲ್ಲಿ ಎಷ್ಟು ಸಾಲು ಇದೆ ಎಂದು ಎಣಿಸಿ. ಬರೀ "ಸ್ಪಷ್ಟವಾಗಿದೆ" ಎಂದು ಒಂದು ಸಾಲು ಇದ್ದರೆ ನಿಮ್ಮ ಅಪೀಲಿನ ಮೊದಲ ಕಾರಣ ಸಿಕ್ಕಿತು. ದೆಹಲಿಯ ತೀರ್ಪು ಮದ್ರಾಸಿಗೆ ಕಟ್ಟುಪಾಡಲ್ಲ, ಆದರೂ ಅಲ್ಲಿ ಓದಿ ತೋರಿಸಬಹುದು.

ಕಾನೂನಿನ ಕಾರಣ ಒಂದೇ ಸಾಲದು. ಗ್ರಾಫ್ ಹಾಳೆಗೆ ಬನ್ನಿ. ಎರಡನೇ ದಾಖಲೆ ಸರದಿಯನ್ನು ತಕ್ಷಣ ಬದಲಿಸುತ್ತದೆ, ಡಿಸಿಯ ಮಾತೇ ಎತ್ತುವುದಿಲ್ಲ. ಅದನ್ನು ಓದಿದ ಕಸುಬುದಾರ ತಕ್ಕಡಿಗೆ ಹಾಗೆಯೇ ಅಳವಡಿಸಿದರೆ ಗಾಜು ಕೆಡುತ್ತದೆ. ಜೋಡಿ ಮುಗಿಯುವ ತನಕ ಕಾಯಬೇಕು ಎಂಬುದು ಆ ಎರಡರಲ್ಲೂ ಇಲ್ಲ. ಈ ಮೂರು ವಾಕ್ಯ ಇಂಗ್ಲಿಷಿನಲ್ಲಿ ಸರಳವಾಗಿ ಬರೆಯಲು ಸಾಧ್ಯವಾದರೆ ವಾದ ನಿಂತ ಹಾಗೆ.

ಅದೇ ವೇಳೆ ನಿಮಗೆ ನೀವೇ ನಿಷ್ಠುರವಾಗಿ. ಸುಪ್ರೀಂ ಕೋರ್ಟ್ 1978ರಲ್ಲಿ ಬಿಶ್ವನಾಥ ಪ್ರಸಾದ್ ಪ್ರಕರಣದಲ್ಲಿ, ವರ್ಕ್‌ಶಾಪಿನಲ್ಲಿ ಯಾರಾದರೂ ಮಾಡಿಕೊಳ್ಳುವಷ್ಟು ಸುಧಾರಣೆಗೆ ಪೇಟೆಂಟ್ ಇಲ್ಲ ಎಂದಿತು. ಅದು ಪಾತ್ರೆ ತಯಾರಿಸುವಾಗ ಲೇತಿನಲ್ಲಿ ಹಿಡಿದುಕೊಳ್ಳುವ ಸಾಧನದ ವ್ಯಾಜ್ಯ. ನಮ್ಮಂಥ ವರ್ಕ್‌ಶಾಪಿನವರಿಗೆ ಆ ತೀರ್ಪು ಸ್ವಲ್ಪ ಚುಚ್ಚುತ್ತದೆ. ಆದರೂ ಓದಿಕೊಳ್ಳಿ, ಎದುರು ಕಡೆಯವರು ಅದನ್ನು ತೆಗೆದೇ ತೆಗೆಯುತ್ತಾರೆ.

ಎಲ್‌ಸಿಡಿ ಸಿಗ್ನಲ್ ಅನ್ನುವುದು ಐವತ್ತು ವರ್ಷ ಉತ್ತು ಬಿತ್ತಿದ ಹೊಲ ಎಂಬುದೂ ನೆನಪಿರಲಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ ಟಿ.ಎನ್. ರುಕ್ಮಾಂಗದನ್ 1980ರ ದಶಕದಲ್ಲಿ, ಒಂದೊಂದೇ ಸಾಲಿನ ಬದಲು ಹಲವು ಸಾಲುಗಳಿಗೆ ಒಟ್ಟಿಗೆ ಸರದಿ ಕೊಡುವ ವಿಧಾನಗಳನ್ನು ರೂಪಿಸಿದರು. ಹಾಗಾಗಿ ಕಂಟ್ರೋಲರ್ ತೋರಿಸಿದ ಎರಡು ದಾಖಲೆಗೆ ಉತ್ತರ ಸಿಕ್ಕಿತು ಅಂತ ಕುಣಿಯಬೇಡಿ. ಇನ್ನೂ ಹುಡುಕಿ. ತಿರುವನಂತಪುರದಲ್ಲಿ ರಾಜ್ಯದ ಪೇಟೆಂಟ್ ಮಾಹಿತಿ ಕೇಂದ್ರ ಉಂಟು, ಅಲ್ಲಿ ವಿಚಾರಿಸಿ ನೋಡಿ.

ಹೆಜ್ಜೆ 6: "ಇದು ಬರೀ ಅಲ್ಗಾರಿದಂ" ಅಂದರೆ

3(ಕೆ) ಸೆಕ್ಷನ್ ಪ್ರಕಾರ ಗಣಿತದ ವಿಧಾನ, ವ್ಯಾಪಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಂ ಇವಕ್ಕೆ ಪೇಟೆಂಟ್ ಇಲ್ಲ. ಸಿಗ್ನಲಿನ ಅರ್ಜಿಯಲ್ಲಿ "ಸರದಿಯನ್ನು ಲೆಕ್ಕ ಹಾಕುವ ವಿಧಾನ" ಎಂದು ಕ್ಲೈಮು ಶುರು ಮಾಡಿದರೆ ಈ ಅಡ್ಡಿಯನ್ನು ನೀವೇ ಮನೆಗೆ ಕರೆದ ಹಾಗೆ. ದೆಹಲಿ ಹೈಕೋರ್ಟ್ 2019ರಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ, ತಾಂತ್ರಿಕ ಪರಿಣಾಮ ತೋರಿಸುವ ಆವಿಷ್ಕಾರವನ್ನು ಪ್ರೋಗ್ರಾಂ ಬಳಸಿದ್ದಕ್ಕೇ ತಳ್ಳುವಂತಿಲ್ಲ ಎಂದಿದೆ. ನಿಮ್ಮ ಪರಿಣಾಮ ಕಣ್ಣ ಮುಂದೆಯೇ ಇದೆ: ಗಾಜಿನ ಎರಡು ಬದಿಯ ನಡುವಿನ ವೋಲ್ಟೇಜ್, ಉಳಿದ ಕರೆಂಟು, ಕೆಡದ ಗಾಜು. ಲೆಕ್ಕ ಮುಗಿದ ಮೇಲೆ ಒಂದು ಪಿನ್ನಿನಲ್ಲಿ ವೋಲ್ಟೇಜ್ ಬದಲಾಗುತ್ತದೆ ಎಂಬುದನ್ನು ಅಪೀಲಿನಲ್ಲಿ ಪುಟ ನಂಬರ್ ಸಮೇತ ತೋರಿಸಿ.

ಪುಟ ನಂಬರ್ ಎಂದದ್ದು ಸುಮ್ನೆ ಅಲ್ಲ. ಅರ್ಜಿ ಹಾಕುವಾಗ ಬರೆಯದ ಮಾತಿನ ಮೇಲೆ ಈಗ ಅಪೀಲು ಕಟ್ಟಲಿಕ್ಕೆ ಆಗುವುದಿಲ್ಲ. 59ನೇ ಸೆಕ್ಷನ್ ಬಿಗಿಯಾದದ್ದು. ಕ್ಲೈಮನ್ನು ಕಿರಿದು ಮಾಡಬಹುದು, ತಪ್ಪು ತಿದ್ದಬಹುದು, ವಿವರಿಸಬಹುದು. ಹಿಗ್ಗಿಸುವಂತಿಲ್ಲ, ಹೊಸದನ್ನು ಸೇರಿಸುವಂತಿಲ್ಲ. "ಜೋಡಿ ಮುಗಿದ ಮೇಲೆ ಮಾತ್ರ" ಎಂಬುದು ವಿವರಣೆಯಲ್ಲಿದ್ದು ಕ್ಲೈಮಿನಲ್ಲಿ ಬಿಟ್ಟುಹೋಗಿದ್ದರೆ, ಅದನ್ನು ಕ್ಲೈಮಿಗೆ ಸೇರಿಸಿ ಕಿರಿದು ಮಾಡುತ್ತೇನೆ ಎಂದು ಕೇಳಬಹುದು. ವಿವರಣೆಯಲ್ಲೂ ಇಲ್ಲ, ನಿಮ್ಮ ತಲೆಯಲ್ಲಿ ಮಾತ್ರ ಇತ್ತು ಅಂತಾದರೆ ಖರ್ಚು ಮಾಡುವ ಮೊದಲು ಎರಡು ಸಲ ಯೋಚಿಸಿ. ಕಹಿ ಮಾತು, ಆದರೆ ಚೆನ್ನೈಗೆ ಹೋಗಿ ಕೇಳುವುದಕ್ಕಿಂತ ಇಲ್ಲೇ ಕೇಳುವುದು ಅಗ್ಗ.

ಹೆಜ್ಜೆ 7: ವಕೀಲರು, ಕಾಗದದ ಕಟ್ಟು

ಅರ್ಜಿ ಬರೆದುಕೊಟ್ಟ ಪೇಟೆಂಟ್ ಏಜೆಂಟ್ ಕಂಟ್ರೋಲರ್ ಎದುರು ವಾದಿಸಬಹುದು. ಹೈಕೋರ್ಟಿನಲ್ಲಿ ನಿಮ್ಮ ಪರ ವಾದಿಸಲು ವಕೀಲರೇ ಬೇಕು. ಎಷ್ಟೋ ಮಂದಿ ಎರಡೂ ಆಗಿರುತ್ತಾರೆ, ಕೇಳಿನೋಡಿ. ಮೊದಲ ಭೇಟಿಯಲ್ಲೇ ಗ್ರಾಫ್ ಹಾಳೆ ಮುಂದಿಟ್ಟು ಐದು ನಿಮಿಷದಲ್ಲಿ ವಿವರಿಸಿ. ಅವರು ತಿರುಗಿ ನಿಮಗೆ ಅದನ್ನೇ ವಿವರಿಸಲಿ. ಡಿಸಿ ಏಕೆ ಆಗದು ಎಂಬಲ್ಲಿ ತಡವರಿಸಿದರೆ ಇನ್ನೊಮ್ಮೆ ಹೇಳಿ, ನಾಚಿಕೆ ಬೇಡ. ಜಡ್ಜರ ಮುಂದೆ ನಿಲ್ಲುವವರು ಅವರು.

ಕಟ್ಟಿನಲ್ಲಿ ಇರಬೇಕಾದದ್ದು: ತಿರಸ್ಕಾರದ ಆದೇಶ, ಮೊದಲು ಸಲ್ಲಿಸಿದ ವಿವರಣೆ ಮತ್ತು ಚಿತ್ರಗಳು, ಕೊನೆಗೆ ತಿದ್ದಿದ ಕ್ಲೈಮುಗಳು, ಪರೀಕ್ಷಕರ ವರದಿ, ನಿಮ್ಮ ಉತ್ತರ, ಹಿಯರಿಂಗ್ ನೋಟಿಸು, ಆಮೇಲೆ ಕೊಟ್ಟ ಲಿಖಿತ ವಾದ, ಎರಡೂ ಹಳೆಯ ದಾಖಲೆಗಳು ಪೂರ್ತಿಯಾಗಿ, ಒಂದು ಪುಟದ ದಿನಾಂಕ ಪಟ್ಟಿ. ಹಿಯರಿಂಗ್ ನೋಟಿಸಿನಲ್ಲಿ ಇಲ್ಲದ ಕಾರಣ ಆದೇಶದಲ್ಲಿ ಹೊಸದಾಗಿ ಬಂದಿದೆಯಾ ಎಂದು ಹೋಲಿಸಿ ನೋಡಿ. ಬಂದಿದ್ದರೆ ನಿಮಗೆ ಉತ್ತರ ಹೇಳುವ ಅವಕಾಶವೇ ಸಿಗಲಿಲ್ಲ ಎಂದಾಯಿತು. ಅದು ಬಲವಾದ ಕಾರಣ.

ಭಾಷೆಯ ಮಾತು. ಕಾಸರಗೋಡಿನಲ್ಲಿ ಕನ್ನಡದಲ್ಲಿ ಅರ್ಜಿ ಕೊಟ್ಟು ಅಭ್ಯಾಸವಾದವರಿಗೆ ಬೇಸರವಾಗಬಹುದು, ಪೇಟೆಂಟ್ ಕಚೇರಿಗೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಆದರೂ ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ. ಕನ್ನಡದಲ್ಲಿ ತೊದಲುವ ವಾಕ್ಯ ಇಂಗ್ಲಿಷಿಗೆ ಹೋದರೆ ದಪ್ಪ ಪದಗಳ ಹಿಂದೆ ಅಡಗಿಕೊಳ್ಳುತ್ತದೆ, ನೇರವಾಗುವುದಿಲ್ಲ.

ಹೆಜ್ಜೆ 8: ಗೆದ್ದರೆ ಎಂತ ಆಗುತ್ತದೆ?

ಹೈಕೋರ್ಟು ನೇರ ಪೇಟೆಂಟ್ ಕೊಡಿ ಎನ್ನಬಹುದು. ಹೆಚ್ಚಾಗಿ ಕಾಣುವುದು ಇನ್ನೊಂದು: ಆದೇಶ ರದ್ದು, ಬೇರೆ ಅಧಿಕಾರಿ ಮತ್ತೆ ಹೊಸದಾಗಿ ನೋಡಲಿ ಎಂಬ ಸೂಚನೆ. ಆಗ ಮತ್ತೊಂದು ಹಿಯರಿಂಗ್. ಬೇಜಾರು ಮಾಡಿಕೊಳ್ಳಬೇಡಿ, ಅದೇ ಗ್ರಾಫ್ ಹಾಳೆ ಅಲ್ಲೂ ಕೆಲಸಕ್ಕೆ ಬರುತ್ತದೆ. ಹಿಯರಿಂಗ್ ಮುಗಿದ ಮೇಲೆ ಲಿಖಿತ ವಾದಕ್ಕೆ 15 ದಿನ ಇರುತ್ತದೆ. ಹಾಳೆಯನ್ನು ಅದರ ಜೊತೆಗೇ ಕಳಿಸಿ.

ಪೇಟೆಂಟಿನ 20 ವರ್ಷ ಅರ್ಜಿ ಹಾಕಿದ ದಿನದಿಂದಲೇ ಓಡುತ್ತಿರುತ್ತದೆ. ಅಪೀಲಿನಲ್ಲಿ ಕಳೆದ ಕಾಲ ವಾಪಸ್ ಸಿಗುವುದಿಲ್ಲ. ತಕ್ಕಡಿ ಮಾರಾಟವೇ ಇಲ್ಲ, ಮುಂದೆಯೂ ಮಾರುವ ಅಂದಾಜಿಲ್ಲ ಅಂತಾದರೆ ಈ ಓಡಾಟ ಬೇಕಾ ಎಂದು ಈಗಲೇ ಕೇಳಿಕೊಳ್ಳಿ. ಯಾವುದೋ ಕಂಪನಿ ವಿಚಾರಿಸಿದೆ, ಅಥವಾ ನಿಮ್ಮದೇ ತಕ್ಕಡಿ ಪುತ್ತೂರು, ಸುಳ್ಯದ ಅಂಗಡಿಗಳವರೆಗೆ ಹೋಗುತ್ತಿದೆ ಅಂತಾದರೆ ಮೂರು ತಿಂಗಳ ಒಂದು ದಿನವನ್ನೂ ಬಿಡಬೇಡಿ.

ಕೊನೆಗೆ ಪೇಟೆಂಟ್ ಬಂದಾಗ ಹಿಂದಿನ ವರ್ಷಗಳ ನವೀಕರಣ ಶುಲ್ಕ ಒಟ್ಟಿಗೆ ಕಟ್ಟಬೇಕಾಗುತ್ತದೆ, ರಿಜಿಸ್ಟರಿನಲ್ಲಿ ದಾಖಲಾದ ದಿನದಿಂದ ಮೂರು ತಿಂಗಳೊಳಗೆ. ಸ್ವಂತ ಹೆಸರಿನಲ್ಲಿ ಹಾಕಿದವರಿಗೆ ಮೂರರಿಂದ ಆರನೇ ವರ್ಷದವರೆಗೆ ವರ್ಷಕ್ಕೆ 800 ರೂಪಾಯಿ, ಏಳರಿಂದ ಹತ್ತರವರೆಗೆ 2,400. ಗೆದ್ದ ಖುಷಿಯಲ್ಲಿ ಇದನ್ನು ಮರೆತರೆ ಪೇಟೆಂಟೇ ಹೋಗುತ್ತದೆ. ಅಡಿಕೆ ಮಾರಿದ ದುಡ್ಡಿನಲ್ಲಿ ಅಷ್ಟನ್ನು ಬೇರೆ ತೆಗೆದಿಡಿ, ದಿನಾಂಕವನ್ನು ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ.